ಆಕ್ಷೇಪಣೆ ಇರುವವರು ಈಗಲೇ ಹೇಳಬೇಕು

ಫೆಬ್ರುವರಿ ೧೧

ಅಪ್ಪನಿಗೆ,

ಮದುವೆ ನಿಲ್ಲಲಿಲ್ಲ. ನಾನು ಹಾಲ್‌ನಿಂದ ಹೊರಬಿದ್ದ ಮೇಲೆ ಸಹಿ ಆಯಿತು, ಫೋಟೊ ಆಯಿತು, ಊಟವೂ ಆಯಿತು, ನಿಮ್ಮ ಕಿರಿಮಗಳು ಪಿಟೀಲು ಗಂಡನ ಕಾರಿನಲ್ಲಿ ನಗುನಗುತ್ತಲೇ ಹೊರಟಳು. ಇದನ್ನೆಲ್ಲ ಚಿಕ್ಕಪ್ಪ ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದರು. "ನಿನ್ನ ಪಾರ್ಟು ಸಖತ್ತಾಗಿತ್ತು ಕಣೇ. ಕೊನೆಗೆ ಅಳ್ತಾ ಎದ್ದು ಹೋಗಿದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು" ಎಂದರು.

ಫೋನಿನಲ್ಲಿ ಮಾತಾಡಿದರೆ ನೀವು ಗೆದ್ದುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಾನು ಹೇಳಿದ್ದನ್ನು ಅಲ್ಲಿ ಯಾರೂ ಪೂರ್ತಿ ಕೇಳಲಿಲ್ಲ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಹುಡುಗ ಇವನೇ ಎಂದು ನನಗೆ ಮುಂಚೆ ಗೊತ್ತಿರಲಿಲ್ಲ. ನೀವು ಕಳಿಸಿದ ಫೋಟೊದಲ್ಲಿ ಅವನು ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಔಷಧಿ ಗೋದಾಮಿನ ಮ್ಯಾನೇಜರ್, ಮೊದಲ ಹೆಂಡತಿ ಕಾಮಾಲೆಯಲ್ಲಿ ತೀರಿಹೋದಳು, ಮೃದು ಸ್ವಭಾವ ಎಂದು ನೀವು ಬರೆದಿದ್ದಿರಿ. ನಾನು ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಸ್ ಹಿಡಿದು ಬರುವಷ್ಟರಲ್ಲಿ ತಡವಾಗಿತ್ತು. ಬಾಗಿಲಿಗೆ ಬಂದಾಗ ಆಗಲೇ ರಿಜಿಸ್ಟ್ರಾರ್ ಎದ್ದು ನಿಂತಿದ್ದರು. ಬಾಗಿಲ ಸದ್ದಿಗೆ ಅವನು ತಿರುಗಿ ನೋಡಿದ. ಆಗ ಗುರುತು ಸಿಕ್ಕಿತು.

ಆ ಮೊದಲ ಹೆಂಡತಿಯನ್ನು ಕರೆದುಕೊಂಡು ಅವನು ನಮ್ಮ ಪ್ಲಾಸ್ಟರ್ ಕೋಣೆಗೆ ಎರಡು ಸಲ ಬಂದಿದ್ದ. ಎರಡು ಸಲವೂ ಮುಂಗೈ ಮೂಳೆ, ಕಿರುಬೆರಳಿನ ಕಡೆಯದು. ಕಾಲು ಜಾರಿ ಬೀಳುವವರು ಅಂಗೈ ಊರುತ್ತಾರೆ, ಅವರಿಗೆ ಮುರಿಯುವುದು ಮಣಿಕಟ್ಟು. ಇದು ಮುರಿಯುವುದು ತಲೆಯ ಮೇಲೆ ಬೀಳುವ ಏಟಿಗೆ ಕೈ ಅಡ್ಡ ಹಿಡಿದಾಗ. ನಾನು "ಎಲ್ಲಮ್ಮಾ ನೋವು?" ಎಂದು ಆಕೆಯನ್ನು ಕೇಳಿದರೆ ಅವನು ಉತ್ತರ ಹೇಳುತ್ತಿದ್ದ. "ಬೆರಳು ಆಡಿಸಮ್ಮಾ" ಎಂದರೆ ಆಕೆ ಅವನ ಮುಖ ನೋಡಿ ಆಡಿಸುತ್ತಿದ್ದಳು.

ಇನ್ನು ನಮ್ಮ ಮನೆಯ ಚಟ. ನೀವು ವಾರಪತ್ರಿಕೆಗೆ ಧಾರಾವಾಹಿ ಬರೆದು, ಅವುಗಳಲ್ಲಿ ಲೆಕ್ಕವಿಲ್ಲದಷ್ಟು ಮದುವೆಗಳನ್ನು ಕೊನೆಯ ನಿಮಿಷದಲ್ಲಿ ನಿಲ್ಲಿಸಿ ಹೆಸರು ಮಾಡಿದಾಗಿನಿಂದ, ನೆಂಟರಲ್ಲಿ ಯಾರ ಮದುವೆಯಾದರೂ ಸರಿ, "ಆಕ್ಷೇಪಣೆ ಇರುವವರು ಈಗಲೇ ಹೇಳಬೇಕು" ಎಂದು ರಿಜಿಸ್ಟ್ರಾರ್ ಅಂದ ಕೂಡಲೇ ನಮ್ಮವರಲ್ಲೊಬ್ಬರು ಎದ್ದು "ನಿಲ್ಲಿಸಿ ಈ ಮದುವೆ!" ಎಂದು ಕೂಗಲೇಬೇಕು. ಅತ್ತೆ ಮಗನ ಮದುವೆಯಲ್ಲಿ ಚಿಕ್ಕಪ್ಪ ಕೂಗಿ, "ಇವನು ನನ್ನ ಛತ್ರಿ ವಾಪಸ್ ಕೊಟ್ಟಿಲ್ಲ" ಎಂದಿದ್ದರು. ನಿನ್ನೆ ಬಾಗಿಲಲ್ಲಿ ನಿಂತು ನಾನು ಅದೇ ಮಾತನ್ನು ಕೂಗಿದೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಇಡೀ ಹಾಲ್ ನಕ್ಕಿತು. "ಅಕ್ಕ ಬಂದ್ಲು, ಶುರುವಾಯ್ತು ನೋಡಿ" ಎಂದು ಪಿಟೀಲು ಕೂಡ ನಕ್ಕಳು. "ಇವನು ಹೆಂಡತಿ ಕೈ ಮುರಿದವನು" ಎಂದೆ. ಇನ್ನೂ ಜೋರಾಗಿ ನಕ್ಕರು. "ಸಾಕ್ಷಿ ಎಲ್ಲಮ್ಮಾ, ಸಾಕ್ಷಿ?" ಎಂದರು ಚಿಕ್ಕಪ್ಪ. ಆಮೇಲೆ ನೀವು ಎದ್ದಿರಿ. ನೀವು ಎದ್ದದ್ದು ನೋಡಿ ನನಗೆ ಜೀವ ಬಂತು. ನೀವು ಕೈಯೆತ್ತಿ, "ಮುಂದಿನ ಭಾಗ ಮುಂದಿನ ವಾರ. ಕೂತ್ಕೊಳಮ್ಮಾ" ಎಂದಿರಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ನನ್ನನ್ನೇ ನೋಡುತ್ತಾ ತಟ್ಟಿದ.

ಅವಳನ್ನು ವಾಪಸ್ ಕರೆಸಿಕೊಳ್ಳಿ.

ನಿಮ್ಮ ದೊಡ್ಡೋಳು


ಫೆಬ್ರುವರಿ ೨೬

ದೊಡ್ಡೋಳಿಗೆ,

ಪಿಟೀಲು ಚೆನ್ನಾಗಿದ್ದಾಳೆ. ಮೊನ್ನೆ ಇಬ್ಬರೂ ಬಂದಿದ್ದರು. ಅಳಿಯ ಬಂದವನೇ ನಮ್ಮ ಸ್ನಾನದ ಮನೆಯ ಸೋರುವ ನಲ್ಲಿ ಬಿಚ್ಚಿ ವಾಷರ್ ಬದಲಾಯಿಸಿದ. ನಾನು ವರ್ಷದಿಂದ ಅದರ ಕೆಳಗೆ ಬಕೆಟ್ ಇಟ್ಟುಕೊಂಡು ಬದುಕಿದ್ದೆ.

ನಿನ್ನ ಪತ್ರ ಎರಡು ಸಲ ಓದಿದೆ. ಕೋಪ ಮಾಡಿಕೊಳ್ಳಬೇಡ, ಕಸುಬಿನವನಾಗಿ ಒಂದು ಮಾತು ಹೇಳುತ್ತೇನೆ. ನನ್ನ ಕಥೆಯಲ್ಲಿ ಬಾಗಿಲಲ್ಲಿ ನಿಂತು ಕೂಗುವವನ ಮಾತು ಯಾವಾಗಲೂ ನಿಜ. ಯಾಕೆಂದರೆ ಹಿಂದಿನ ವಾರ ಅವನಿಗೆ ಅದನ್ನು ಹೇಳಿಕೊಟ್ಟವನು ನಾನೇ. ಓದುವವರಿಗೂ ಗೊತ್ತು, ಮದುಮಗಳೊಬ್ಬಳಿಗೆ ಗೊತ್ತಿಲ್ಲ. ಅದಕ್ಕೇ ಅಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಮದುವೆ ಹಾಲ್‌ನಲ್ಲಿ ನನಗೆ ಯಾರು ಹೇಳಿಕೊಟ್ಟಿದ್ದರು? ಇನ್ನೂರು ಜನ ಕೂತಿದ್ದಾರೆ, ರಿಜಿಸ್ಟ್ರಾರ್ ಪೆನ್ನು ಹಿಡಿದು ನಗುತ್ತಿದ್ದಾರೆ, ನೀನು ನಮ್ಮ ಮನೆಯ ಹಳೇ ತಮಾಷೆಯ ಮಾತನ್ನೇ ಕೂಗುತ್ತೀಯ. ನಾನು ಏನು ಮಾಡಬೇಕಿತ್ತು?

ಆ ಹೆಂಡತಿ ಕಾಮಾಲೆಯಲ್ಲೇ ತೀರಿಕೊಂಡದ್ದು, ವಿಚಾರಿಸಿದ್ದೇನೆ. ಮುರಿದ ಕೈಗೆ ನೂರು ಕಾರಣ ಇರುತ್ತವೆ. ಪ್ಲಾಸ್ಟರ್ ಕೋಣೆಯಲ್ಲಿ ದಿನವಿಡೀ ಕೂತವಳಿಗೆ ಎಲ್ಲ ಗಂಡಂದಿರೂ ಹೊಡೆಯುವವರಂತೆಯೇ ಕಾಣುತ್ತಾರೆ. ನನಗೆ ಎಲ್ಲ ಮದುವೆಗಳೂ ನಿಲ್ಲುವ ಮದುವೆಗಳಂತೆ ಕಾಣುವ ಹಾಗೆ.

ಒಂದು ಸಲ ಅವರ ಮನೆಗೆ ಹೋಗಿ ಕಣ್ಣಾರೆ ನೋಡಿ ಬಾ. ಆಮೇಲೆ ಮಾತಾಡೋಣ.

ಅಪ್ಪ


ಏಪ್ರಿಲ್ ೧೯

ಅಪ್ಪನಿಗೆ,

ನಿನ್ನೆ ಹೋಗಿದ್ದೆ. ಬಾಗಿಲು ತೆರೆದದ್ದು ಅವನು. ಎರಡನೇ ಮಹಡಿ, ಕೆಳಗಡೆ ಟೈಲರಮ್ಮನ ಅಂಗಡಿ. ಮನೆ ಚೊಕ್ಕಟವಾಗಿದೆ. ಚಪ್ಪಲಿಗಳು ಸಾಲಾಗಿ, ಎಲ್ಲದರ ಮೂತಿ ಗೋಡೆ ಕಡೆಗೆ. ನಾನು ಬಿಟ್ಟ ಚಪ್ಪಲಿಯನ್ನು ಪಿಟೀಲು ಓಡಿ ಬಂದು ತಿರುಗಿಸಿಟ್ಟಳು.

"ಹೇಗಿದ್ದೀಯೇ?" ಎಂದೆ.

"ಚೆನ್ನಾಗಿದ್ದಾಳೆ" ಎಂದ.

"ಇಷ್ಟು ಸೆಕೆಯಲ್ಲಿ ಉದ್ದ ತೋಳಿನ ರವಿಕೆ ಯಾಕೆ?"

"ಅವಳಿಗೆ ಈಚೆಗೆ ಅದೇ ಇಷ್ಟ" ಎಂದ.

ಮಗುವಾಗಿದ್ದಾಗ ಒಂದೇ ಸಮ ಕಿರುಚುತ್ತಾಳೆಂದು ನೀವೇ ಪಿಟೀಲು ಎಂದು ಹೆಸರಿಟ್ಟಿರಿ. ನಿನ್ನೆ ಒಂದು ಗಂಟೆಯಲ್ಲಿ ಅವಳು ಆಡಿದ ಮಾತುಗಳನ್ನು ಬೆರಳಿನಲ್ಲಿ ಎಣಿಸಬಹುದು. ಅಡುಗೆ ಮನೆಗೆ ಅವಳ ಹಿಂದೆ ಹೋದೆ. ನನ್ನ ಹಿಂದೆ ಅವನು ಬಂದ. ನೀರು ಕುಡಿಯುವ ನೆಪದಲ್ಲಿ ಅವಳ ಕೈ ಹಿಡಿದೆ. ಲೋಟ ಬಿಟ್ಟುಬಿಟ್ಟಳು. ಲೋಟ ಬಿದ್ದ ಸದ್ದಿಗೆ ಅವಳು ನೋಡಿದ್ದು ಲೋಟವನ್ನಲ್ಲ, ಅವನನ್ನು.

ಹೊರಡುವಾಗ ಅವನು ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟ. "ಅತ್ತಿಗೆ, ನೀವು ಅವತ್ತು ಕೂಗಿದ ವಿಡಿಯೋ ಇದೆ ನನ್ನತ್ರ. ಬೇಜಾರಾದಾಗ ಇಬ್ಬರೂ ಕೂತು ನೋಡ್ತೀವಿ" ಎಂದ.

ನಾನು ಕರೆದರೆ ಅವಳು ಬರುವುದಿಲ್ಲ. ನನ್ನ ಮಾತು ಆ ಮನೆಯಲ್ಲಿ ಆಗಲೇ ತಮಾಷೆಯಾಗಿದೆ. ನೀವು ಹೋಗಿ. ಕೂತು ಮಾತಾಡಬೇಡಿ. ಬಾಗಿಲಲ್ಲಿ ನಿಂತು "ನಡಿ" ಎನ್ನಿ, ಬಂದುಬಿಡುತ್ತಾಳೆ.

ದೊಡ್ಡೋಳು


ಮೇ ೮

ದೊಡ್ಡೋಳಿಗೆ,

ಹೊಸ ಧಾರಾವಾಹಿಯ ಮೊದಲ ಎರಡು ಕಂತು ಪತ್ರಿಕೆಗೆ ಹೋಗಿವೆ. ಈ ವಾರ ಮೊದಲನೆಯದು ಬರುತ್ತದೆ. ಅದನ್ನು ನಿನಗೆ ಮೊದಲು ಹೇಳಬೇಕೆನಿಸಿತು.

ನೀನು ಹೇಳಿದ ಮೇಲೆ ಎರಡು ಸಲ ಹೊರಟೆ. ಒಂದು ಸಲ ಬಸ್ ನಿಲ್ದಾಣದವರೆಗೂ ಹೋದೆ. ಹೋಗಿ ಏನು ಹೇಳಲಿ? ಉದ್ದ ತೋಳು, ಕೈಜಾರಿದ ಲೋಟ ಎಂದರೆ ಅವನು ನಗುತ್ತಾನೆ. ಅವಳೂ ಅವನ ಪಕ್ಕ ನಿಂತುಬಿಟ್ಟರೆ ಇದ್ದೊಂದು ಬಾಗಿಲೂ ಮುಚ್ಚಿಹೋಗುತ್ತದೆ.

ಆಮೇಲೆ ಹೊಳೆಯಿತು. ಪಿಟೀಲು ನನ್ನ ಕಂತನ್ನು ಓದದೆ ಬಿಟ್ಟ ವಾರವೇ ಇಲ್ಲ. ಮದುವೆಯ ಹಿಂದಿನ ದಿನದವರೆಗೂ ನನ್ನ ಗೀಚುಬರಹವನ್ನು ಅಚ್ಚಿಗೆ ಹೋಗುವ ಹಾಗೆ ಬರೆದುಕೊಡುತ್ತಿದ್ದವಳು ಅವಳು. ನಾನು ಒಂದು ಪದ ಬದಲಾಯಿಸಿದರೂ ಯಾಕೆಂದು ಕೇಳುವವಳು. ಹಾಗಾಗಿ ಅವಳಿಗೆ ಕಥೆಯಲ್ಲೇ ಹೇಳುತ್ತಿದ್ದೇನೆ. ಪ್ಲಾಸ್ಟರ್ ಕೋಣೆಯ ಅಕ್ಕ, ಬಾಗಿಲಲ್ಲಿ ಕೂಗು, ನಗುವ ಹಾಲ್. ಈ ಸಲ ಮದುವೆ ನಿಲ್ಲುವುದಿಲ್ಲ. ಎರಡನೇ ಕಂತಿನಲ್ಲಿ ಹುಡುಗಿಗೆ ನಿಜ ಗೊತ್ತಾಗಿ, ಹಾಡುಹಗಲೇ ಒಂದು ಚೀಲ ಹಿಡಿದು ಮೆಟ್ಟಿಲಿಳಿದು, ಅಪ್ಪನ ಮನೆಗೆ ಬರುತ್ತಾಳೆ. ಅಪ್ಪ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಓದಿದರೆ ಅವಳಿಗೆ ಅರ್ಥವಾಗುತ್ತದೆ. ಅವನಿಗೆ ಸುಳಿವೂ ಸಿಗುವುದಿಲ್ಲ. ಯಾವ ಗಂಡಸು ಧಾರಾವಾಹಿ ಓದುತ್ತಾನೆ?

ಸಂಪಾದಕರು, "ಸಾರ್, ಎಷ್ಟೋ ವರ್ಷದ ಮೇಲೆ ಕೈಗೆ ಹಳೇ ಬಿಸಿ ಬಂದಿದೆ" ಎಂದರು.

ಅಪ್ಪ


ಮೇ ೧೧

ಅಪ್ಪಾ,

ಎರಡನೇ ಕಂತು ನಿಲ್ಲಿಸಿ. ಈ ಪತ್ರ ಕೈಗೆ ಸಿಕ್ಕ ತಕ್ಷಣ ಸಂಪಾದಕರ ಮನೆಗೇ ಹೋಗಿ. ನಿಮ್ಮ ಫೋನು ಬೆಳಿಗ್ಗೆಯಿಂದ ಆಫ್ ಇದೆ, ಬರೆಯಲು ಕೂತಿರಬೇಕು.

ಏಪ್ರಿಲ್‌ನಲ್ಲಿ ನಾನು ಹೋದಾಗ ಅವರ ಮನೆಯ ಟೀಪಾಯಿ ಮೇಲೆ ನಿಮ್ಮ ವಾರಪತ್ರಿಕೆ ಇತ್ತು. ನಿಮ್ಮ ಪುಟದ ಮೂಲೆ ಮಡಚಿತ್ತು. ಪಿಟೀಲು ಯಾವತ್ತೂ ಪುಟ ಮಡಚುವವಳಲ್ಲ. ಓದುವವನು ಅವನು.

ದೊಡ್ಡೋಳು


ಜೂನ್ ೯

ಪೂಜ್ಯ ತಂದೆಯವರಿಗೆ,

ನಾನು ಕ್ಷೇಮ. ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದು ಬಲಗೈಗೆ ಪೆಟ್ಟಾಯಿತು. ಇಲ್ಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಪ್ಲಾಸ್ಟರ್ ಹಾಕಿಸಿದರು. ಅಕ್ಕನ ಆಸ್ಪತ್ರೆ ದೂರ ಆಗುತ್ತದೆ.

ನಿಮ್ಮ ಧಾರಾವಾಹಿಯನ್ನು ಇಲ್ಲಿ ಎಲ್ಲರೂ ಓದುತ್ತಿದ್ದಾರೆ. ಇವರ ಗೋದಾಮಿನಲ್ಲಿ ಯಾರೋ ಎರಡನೇ ಕಂತನ್ನು ಕತ್ತರಿಸಿ ಇವರ ಮೇಜಿನ ಮೇಲೆ ಇಟ್ಟಿದ್ದರಂತೆ. ಮಾವನವರು ಬರೆದದ್ದು ತಮ್ಮ ಬಗ್ಗೆಯೇ ಎಂದು ಜನ ಆಡಿಕೊಂಡರೆ ಗೌರವಸ್ಥರಿಗೆ ಎಷ್ಟು ನೋವಾಗುತ್ತದೆ ಎಂದು ತಮಗೆ ತಿಳಿಯದ್ದಲ್ಲ.

ಹಾಗಾಗಿ ಒಂದು ವಿನಂತಿ. ಮುಂದಿನ ಕಂತಿನಲ್ಲಿ ಆ ಹುಡುಗಿ ಗಂಡನ ಮನೆಗೆ ವಾಪಸ್ ಬರಬೇಕು. ಅಕ್ಕ, ತಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದ್ದಾಗಿ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಗಂಡ ಅವಳನ್ನು ಕ್ಷಮಿಸಬೇಕು. ಹೀಗೆ ಬರೆದರೆ ನನಗೆ ಇಲ್ಲಿ ಅನುಕೂಲ.

ಇವರು ಪಕ್ಕದಲ್ಲೇ ಕುಳಿತಿದ್ದಾರೆ. ತಮಗೆ ನಮಸ್ಕಾರ ತಿಳಿಸಿದ್ದಾರೆ.

ಇಂತಿ,
ತಮ್ಮ ಕಿರಿಯ ಮಗಳು


ಜೂನ್ ೩೦

ದೊಡ್ಡೋಳಿಗೆ,

ನಿನ್ನ ಮೇ ಪತ್ರ ಕೈಗೆ ಸಿಗುವಷ್ಟರಲ್ಲಿ ಎರಡನೇ ಕಂತು ಅಚ್ಚಾಗಿತ್ತು. ಈಗ ಅವನು ಕೇಳಿದ್ದನ್ನೂ ಬರೆದುಕೊಟ್ಟೆ. ನೀನು ಓದಿರಬೇಕು. ನಿನ್ನ ಜೊತೆ ಕೆಲಸ ಮಾಡುವವರು ಓದಿ ನಿನ್ನನ್ನು ಏನಂದರು ಎಂದು ಚಿಕ್ಕಪ್ಪ ಹೇಳಿದ.

ಪಿಟೀಲಿನ ಪತ್ರ ಇದರ ಜೊತೆ ಇಟ್ಟಿಲ್ಲ. ಅದರಲ್ಲಿ ಮೂರು ಕಡೆ ನನಗೆ "ತಮಗೆ", "ತಮ್ಮ" ಎಂದಿದೆ. ಅವಳು ನನ್ನನ್ನು ಹಾಗೆ ಕರೆದದ್ದೇ ಇಲ್ಲ. ಅಷ್ಟು ಹೇಳಿದರೆ ನಿನಗೆ ಸಾಕು. ಕಂತು ಬರೆಯದಿದ್ದರೆ ಇನ್ನೊಂದು ಕೈ ಹೋಗುತ್ತಿತ್ತು. ನಾನು ಒಂದು ದಿನದಲ್ಲಿ ಬರೆದೆ. ಸಂಪಾದಕರು, "ಸಾರ್, ಓದುಗರು ನಮ್ಮ ಕಿಟಕಿಗೆ ಕಲ್ಲು ಹೊಡೀತಾರೆ" ಎಂದರು. ಹೊಡೆಯಲಿ ಎಂದೆ.

ಪತ್ರಿಕೆ ಬಂದ ದಿನ ನಾನೇ ತೆಗೆದುಕೊಂಡು ಹೋದೆ. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಳಿಯ ನನ್ನ ಎದುರಿಗೇ ಕಂತನ್ನು ಗಟ್ಟಿಯಾಗಿ ಓದಿದ. ಅಕ್ಕ ಕ್ಷಮೆ ಕೇಳುವ ಜಾಗವನ್ನು ಎರಡು ಸಲ ಓದಿದ.

"ಇದು ನಿಮ್ಮ ಕೈಯಿಂದ ಬಂದ ಬೆಸ್ಟು ಮಾವ" ಎಂದ. "ಆದ್ರೆ ಕಾಲಿಗೆ ಬೀಳಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ನಾನು ನೀನು ಹೇಳಿದ ಹಾಗೆಯೇ ಎದ್ದು ಬಾಗಿಲಲ್ಲಿ ನಿಂತೆ. "ನಡಿಯೇ ಪಿಟೀಲು. ಕೈ ಸರಿಹೋಗೋವರೆಗೂ ನಮ್ಮನೇಲಿರು" ಎಂದೆ.

"ಇವರ ಊಟಕ್ಕೆ ತೊಂದರೆ ಆಗುತ್ತೆ ಅಪ್ಪಾ" ಎಂದಳು.

"ಒಂದು ವಾರ."

"ನೀವೇ ಬರೆದಿದ್ದೀರಲ್ಲ ಅಪ್ಪಾ, ವಾಪಸ್ ಬಂದ್ಲು ಅಂತ."

ಅಳಿಯ ನಕ್ಕ. ಅವಳು ನಗಲಿಲ್ಲ. ಅವಳು ನನ್ನನ್ನು ಹಂಗಿಸಿದಳೋ, ಇಲ್ಲ ಅವನಿಗೆ ಹೆದರಿ ಆಡಿದಳೋ, ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದೆ. ಇನ್ನೂ ತಿಳಿದಿಲ್ಲ.

ಅಪ್ಪ


ಸೆಪ್ಟೆಂಬರ್ ೨

ಅಪ್ಪನಿಗೆ,

ಪಿಟೀಲು ಇನ್ನೂ ನಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ಇನ್ನು ಜೀವಕ್ಕೆ ಅಪಾಯವಿಲ್ಲ ಎಂದು ದೊಡ್ಡ ಡಾಕ್ಟರು ಇವತ್ತು ಬೆಳಿಗ್ಗೆ ಹೇಳಿದರು. ದವಡೆ ಎರಡು ಕಡೆ ಮುರಿದಿದೆ. ತಂತಿ ಹಾಕಿ ಬಿಗಿದಿದ್ದಾರೆ. ಅವಳನ್ನು ಕರೆತಂದವರು ಕೆಳಗಿನ ಅಂಗಡಿಯ ಟೈಲರಮ್ಮ ಎಂದು ನೀವು ಬಂದಾಗ ಹೇಳಲಾಗಲಿಲ್ಲ. ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳಂತೆ. ಅವನು ಕೆಲಸಕ್ಕೆ ಹೋಗಿಯಾಗಿತ್ತು. ಟೈಲರಮ್ಮ ಹೊಲಿಗೆ ಯಂತ್ರವನ್ನು ಹಾಗೇ ಬಿಟ್ಟು, ಬಾಡಿಗೆ ಕಾರು ಮಾಡಿ, "ಅಕ್ಕ ಇರೋ ಆಸ್ಪತ್ರೆ ಎಲ್ಲಿ?" ಎಂದು ಕೇಳಿ ಇಲ್ಲಿಗೇ ತಂದಿದ್ದಾರೆ.

ನೀವು ಆಸ್ಪತ್ರೆಗೆ ಬಂದು ನೋಡಿ ಹೋದ ಮೇಲೆ ನಡೆದದ್ದು ಇದು. ಅವನು ಕೋರ್ಟಿಗೆ ಹೋಗಿದ್ದಾನೆ. ಹೆಂಡತಿ ಮೆಟ್ಟಿಲಿಂದ ಬಿದ್ದಳು, ಅತ್ತಿಗೆ ಅವಳನ್ನು ಹಿಡಿದಿಟ್ಟುಕೊಂಡು ತಲೆ ಕೆಡಿಸುತ್ತಿದ್ದಾಳೆ, ಮನೆಗೆ ಕಳಿಸಿಕೊಡಿ ಎಂದು ಅರ್ಜಿ. ಅವಳು ಅವನ ಮನೆಗೆ ಹೋಗಬೇಕಾಗಿಲ್ಲ ಎಂದು ಆದೇಶ ಕೊಡಿ ಎಂದು ನಮ್ಮ ಅರ್ಜಿ. ಎರಡನ್ನೂ ಒಟ್ಟಿಗೇ ಕೇಳುತ್ತಾರೆ.

ಅವನ ವಕೀಲರು ಎರಡು ಸಾಕ್ಷ್ಯ ಕೊಟ್ಟಿದ್ದಾರೆ. ಒಂದು, ಮದುವೆಯ ವಿಡಿಯೋ. ನಾನು ಕೂಗುತ್ತೇನೆ, ಮದುಮಗಳೂ ಸೇರಿ ಎಲ್ಲರೂ ನಗುತ್ತಾರೆ, ನೀವು ಎದ್ದು ನಿಂತು ಚಪ್ಪಾಳೆ ಗಿಟ್ಟಿಸುತ್ತೀರಿ. ಇನ್ನೊಂದು, ಜೂನ್ ತಿಂಗಳ ಕಂತು. ಹುಡುಗಿಯ ಸ್ವಂತ ತಂದೆಯೇ, ಹಿರಿಯ ಮಗಳು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದಳೆಂದು ಲೋಕಕ್ಕೆಲ್ಲ ತಿಳಿಸಿದ್ದಾರೆ ಎನ್ನುತ್ತಾರೆ. ಕಥೆ ಅದು ಎಂದರು ನಮ್ಮ ವಕೀಲರು. ಹಾಗಾದರೆ ಮೇ ತಿಂಗಳಿನದೂ ಕಥೆಯೇ, ಮದುವೆಯಲ್ಲಿ ಕೂಗಿದ್ದೂ ಕಥೆಯೇ ಎಂದರು ಅವರು. ನ್ಯಾಯಾಧೀಶರು ಕನ್ನಡಕ ಮೇಲೇರಿಸಿ ನಕ್ಕರಂತೆ. ಆಮೇಲೆ ನಿಮ್ಮನ್ನೇ ಕೇಳುವುದು ಎಂದು ತೀರ್ಮಾನವಾಯಿತು. ಸಮನ್ಸ್ ಬರುತ್ತದೆ.

ಪಿಟೀಲಿಗೆ ಮಾತಾಡಲು ಆಗುವುದಿಲ್ಲ. ಚೀಟಿಯ ಮೇಲೆ ಬರೆಯುತ್ತಾಳೆ. ನಮ್ಮ ವಕೀಲರು ಬಂದು, "ಬಿದ್ದದ್ದೋ, ಹೊಡೆದದ್ದೋ, ಅಷ್ಟು ಬರೆದುಕೊಡಮ್ಮಾ" ಎಂದು ಎಷ್ಟೋ ಹೊತ್ತು ಕೂತರು. ಬರೆಯಲಿಲ್ಲ. ಅವರು ಹೋದ ಮೇಲೆ ನನ್ನ ಕಡೆಗೆ ಚೀಟಿ ತಳ್ಳಿದಳು. "ಅಪ್ಪ ಏನ್ ಹೇಳ್ತಾರೋ ನಾನೂ ಅದೇ ಹೇಳ್ತೀನಿ" ಎಂದಿತ್ತು.

ಯಾಕೆ ಹೀಗೆ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡಳು. ನನಗೆ ಅನಿಸುವುದು ಇಷ್ಟೇ: ಅವನು ಹೊಡೆದ ಎಂದು ತಾನು ಬರೆದುಕೊಟ್ಟು, ನೀವು ಬಂದು ಎಲ್ಲ ತಮಾಷೆ ಎಂದುಬಿಟ್ಟರೆ, ಅವಳು ಮತ್ತೆ ಆ ಮನೆಗೇ ಹೋಗಬೇಕು. ಹೊಡೆದ ಎಂದು ಹೇಳಿದವಳಾಗಿ ಹೋಗಬೇಕು.

ನಿಮಗೆ ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ.

ದೊಡ್ಡೋಳು


ಸೆಪ್ಟೆಂಬರ್ ೯

ದೊಡ್ಡೋಳಿಗೆ,

ಸಮನ್ಸ್ ನಿನ್ನೆ ತಲುಪಿತು. ಅದನ್ನು ತಂದ ಕೋರ್ಟಿನ ಜವಾನ ನನ್ನ ಓದುಗನಂತೆ. ಸಹಿ ಹಾಕಿಸಿಕೊಂಡು, "ಆ ಹುಡುಗೀನ ಯಾಕ್ ಸಾರ್ ವಾಪಸ್ ಕಳಿಸಿದ್ರಿ?" ಎಂದ.

ಸಮನ್ಸಿನ ಹಿಂದೆಯೇ ಅಳಿಯನ ವಕೀಲರು ಬಂದರು. ಒಳ್ಳೆಯ ಮಾತುಗಾರ. ನಾನು ಏನು ಹೇಳಿದರೆ ಎಲ್ಲರಿಗೂ ಕ್ಷೇಮ ಎಂದು ಅರ್ಧ ಪುಟ ಟೈಪ್ ಮಾಡಿಸಿಕೊಂಡು ಬಂದಿದ್ದರು. "ನಮ್ಮ ಮನೆತನದಲ್ಲಿ ಮದುವೆಗಳಲ್ಲಿ ಇಂಥ ಹಾಸ್ಯ ರೂಢಿಯಲ್ಲಿದೆ. ಅಂದು ಹಿರಿಯ ಮಗಳು ಆಡಿದ್ದೂ ಹಾಸ್ಯವೇ ಎಂದು ನಾನು ತಿಳಿದಿದ್ದೆ." ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಸಾಕಂತೆ. ಕಿರಿಯ ಮಗಳ ಸಂಸಾರ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ ಎಂದರು. ವಾಕ್ಯಗಳು ಕೆಟ್ಟದಾಗಿದ್ದವು. ತಿದ್ದಲು ಕೈ ಹೋಯಿತು. ತಿದ್ದಲಿಲ್ಲ. ಅವರ ಕೈಗೇ ವಾಪಸ್ ಕೊಟ್ಟೆ.

ಮೊದಲನೆಯ ವಾಕ್ಯ ನಿಜ. ಎರಡನೆಯದು ನಿಜವಲ್ಲ. ನೀನು ಛತ್ರಿ ಗಿತ್ರಿ ಎನ್ನಲಿಲ್ಲ. ನೀನು ಮೂಳೆಯ ಮಾತಾಡಿದೆ. ತಮಾಷೆಗೆ ಯಾರೂ ಹಾಗೆ ಮಾತಾಡುವುದಿಲ್ಲ ಎಂದು ಮದುವೆ ನಿಲ್ಲಿಸಿ ಅನ್ನ ತಿಂದವನಿಗೆ ತಿಳಿಯದೆ ಇರುತ್ತದೆಯೇ. ಜೂನ್ ಕಂತನ್ನು ಹೇಳಿ ಬರೆಸಿದವನು ಯಾರು ಎಂದೂ ಹೇಳುತ್ತೇನೆ.

ನಾನು ಹೇಳಿದ್ದಕ್ಕೆ ಅಲ್ಲಿ ಎಷ್ಟು ಬೆಲೆ ಎಂದು ಗೊತ್ತಿಲ್ಲ. ವಕೀಲರು ಎದ್ದು ನಿಂತು, "ಸ್ವಾಮಿ, ಮೇ ತಿಂಗಳಲ್ಲಿ ಒಂದು, ಜೂನ್‌ನಲ್ಲಿ ಒಂದು, ಈಗ ಒಂದು, ಇದರಲ್ಲಿ ಯಾವುದು ಕಥೆ?" ಎಂದು ಕೇಳುತ್ತಾರೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಜನ ನಗಬಹುದು.

ಇದನ್ನು ಪಿಟೀಲಿಗೆ ಓದಿ ಹೇಳು. ಗಟ್ಟಿಯಾಗಿ ಓದು. ಅವಳು ಚೀಟಿಯಲ್ಲಿ ಏನು ಬರೆದರೂ ನನಗೆ ತಿಳಿಸುವುದು ಬೇಡ. ಅವಳದು ಬೇರೆಯಾದರೂ ನನ್ನದು ಬದಲಾಗುವುದಿಲ್ಲ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಗುರುವಾರ ಹತ್ತೂವರೆಗೆ ಕೋರ್ಟು ಕೂರುತ್ತದೆ. ಮೊದಲ ಸಾಕ್ಷಿ ನಾನು.

ಅಪ್ಪ